ಅತ್ತೆಯ ಜೊತೆ ಗ್ಯಾಸ್‌ಲೈಟು ಕೊಳ್ಳಲು ಹೋದದ್ದು

ಮದುವೆಯಾಗಿ ಕುರುಗೋಡಿನಿಂದ ಸಿರುಗುಪ್ಪಕ್ಕೆ ಹೋದಾಗ ನನಗೆ ಗಂಡನ ಹೆದರಿಕೆ ಇರಲಿಲ್ಲ, ಅತ್ತೆಯ ಹೆದರಿಕೆ ಇತ್ತು. ಗಂಡ ಮೆತ್ತನೆಯ ಮನುಷ್ಯ. ನಟ್ಟು, ಬೋಲ್ಟು, ವಾಷರುಗಳ ಜೊತೆ ಇರುವಷ್ಟು ಸಲಿಗೆ ಅವರಿಗೆ ಮನುಷ್ಯರ ಜೊತೆ ಇರಲಿಲ್ಲ. ಅತ್ತೆ ಹಾಗಲ್ಲ. ಅವರು ಪೇಟೆಯಲ್ಲಿ ಕೂತು ಅಂಗಡಿ ನಡೆಸುವ ಹೆಂಗಸು. ನಮ್ಮ ತವರಿನ ಓಣಿಯಲ್ಲಿ ಅಂಥವರೊಬ್ಬರನ್ನೂ ನಾನು ಕಂಡಿರಲಿಲ್ಲ. ಮಾವ ತೀರಿಕೊಂಡಾಗ ಬಂಧುಗಳೆಲ್ಲ ಅಂಗಡಿಗೆ ಬೀಗ ಹಾಕು ಅಂದರಂತೆ. ಅತ್ತೆ ದಿನಕರ್ಮ ಮುಗಿಸಿ, ಮರುದಿನ ಬೆಳಗ್ಗೆ ತಾವೇ ಹೋಗಿ ಕದ ತೆಗೆದು ಕಸ ಹೊಡೆದರಂತೆ.

ನಮ್ಮದು ಗ್ಯಾಸ್‌ಲೈಟು ಬಾಡಿಗೆ ಕೊಡುವ ಅಂಗಡಿ. ಗ್ಯಾಸ್‌ಲೈಟು ಅಂದರೆ ಸೀಮೆಎಣ್ಣೆ ತುಂಬಿ, ಪಂಪು ಹೊಡೆದು ಹಚ್ಚುವ ದೀಪ. ಒಳಗೆ ರೇಷ್ಮೆಯ ಸಣ್ಣ ಚೀಲದಂಥ ಮ್ಯಾಂಟಲ್ ಇರುತ್ತದೆ. ಅದು ಒಮ್ಮೆ ಉರಿದು ಬೂದಿಯಾಗಿ ನಿಂತ ಮೇಲೆಯೇ ಬೆಳ್ಳಗೆ ಬೆಳಕು ಕೊಡುವುದು. ಆ ಬೂದಿಗೆ ಬೆರಳು ತಾಕಿದರೂ ಸಾಕು, ಉದುರಿ ಹೋಗುತ್ತದೆ. ಮದುವೆಯ ಮೆರವಣಿಗೆ, ಬಯಲಾಟ, ಮೊಹರಂ, ಸಂತೆ ಎಲ್ಲಕ್ಕೂ ಇದೇ ದೀಪ ಬೇಕು.

ಆದರೆ ನಾನು ಹೋದ ಕಾಲಕ್ಕೆ ಅಂಗಡಿಯಲ್ಲಿ ಉರಿಯುವ ದೀಪಗಳು ಬೆರಳೆಣಿಕೆಯಷ್ಟೇ ಉಳಿದಿದ್ದವು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಸೀಮೆಎಣ್ಣೆ ರೇಷನ್ ಕಾರ್ಡಿನ ಮೇಲೆ ಸಿಗುತ್ತಿತ್ತು, ಮ್ಯಾಂಟಲ್ ಅಂತೂ ಕಣ್ಣಿಗೇ ಬೀಳುತ್ತಿರಲಿಲ್ಲ. ಒಂದು ದೀಪ ಕೆಟ್ಟರೆ ಅದರ ಅಂಗಾಂಗ ಬಿಚ್ಚಿ ಇನ್ನೊಂದಕ್ಕೆ ಹಾಕಿ, ನಮ್ಮನೆಯವರು ಹೇಗೋ ಕಾಲ ನೂಕಿದ್ದರು. ಜನ ದೀವಟಿಗೆಯ ಬೆಳಕಲ್ಲೇ ಮದುವೆ ಮುಗಿಸುತ್ತಿದ್ದರು, ಇಲ್ಲವೇ ಮುಂದಕ್ಕೆ ಹಾಕುತ್ತಿದ್ದರು.

ಯುದ್ಧ ಮುಗಿಯಿತು. ಆ ವರ್ಷ ನಮ್ಮ ಹೊಳೆಸಾಲಿನ ಭತ್ತ ಚೆನ್ನಾಗಿ ಬಂದಿತ್ತು. ಒಂದು ದಿನ ಭತ್ತದ ಮಂಡಿಯ ವ್ಯಾಪಾರಿಗಳು ಅಂಗಡಿಗೆ ಬಂದು, ಸುಗ್ಗಿ ಮುಗಿಯುವ ತನಕ ದಿನಾ ಸಂಜೆ ಮಂಡಿಯ ಬಯಲಿಗೆಲ್ಲ ದೀಪ ಬೇಕು, ಬಂಡಿಗಳು ಹೊತ್ತು ಮುಳುಗಿದ ಮೇಲೇ ಬರುತ್ತವೆ, ಕತ್ತಲಲ್ಲಿ ತೂಕಕ್ಕೆ ಜಗಳ ಆಗುತ್ತದೆ ಅಂದರು.

"ಆಗ್ಲಿ, ಕೊಡ್ತೀನಿ," ಅಂದರು ಅತ್ತೆ.

ಅವರು ಹೋದ ಮೇಲೆ ನಮ್ಮನೆಯವರು ಕೈಯಲ್ಲಿದ್ದ ಪಂಪಿನ ಕಡ್ಡಿ ಕೆಳಗಿಟ್ಟರು. "ಅವ್ವಾ, ಎಲ್ಲಿಂದ ಕೊಡ್ತಿ? ಅದಾವೇನು ಅಷ್ಟು ದೀಪ?"

"ಇಲ್ಲ. ಇದ್ರ ಅವ್ರು ಬರೋಕಿಂತ ಮೊದ್ಲೇ ನಾನ ಹೋಗಿ ಕೇಳ್ತಿದ್ದೆ," ಅಂದರು ಅತ್ತೆ. "ಮಂಡಿಯವ್ರು ಬಂದ್ರು ಅಂದ್ರ ಅವ್ರ ಹಿಂದ ಮದುವಿ ಮನಿಯವ್ರು ಬರ್ತಾರ ನೋಡು. ಇಷ್ಟು ವರ್ಷ ತಡದ ಮದುವಿ ಎಲ್ಲಾ ಒಮ್ಮಿಗೇ ಬರ್ತಾವ."

ಮಂಡಿಯವರು ಕೊಟ್ಟ ಮುಂಗಡಕ್ಕೆ ಅತ್ತೆ ಕೂಡಿಟ್ಟ ಗಂಟು ಸೇರಿತು. ಆ ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು ಲೆಕ್ಕ ಹಾಕಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅತ್ತೆಗೆ ಓದು ಬರಹ ಇರಲಿಲ್ಲ. ಹುಣಸೆಬೀಜ ತಂದು ನೆಲದ ಮೇಲೆ ಸುರುವಿದರು. ಒಂದು ಗುಂಪು ದೀಪಕ್ಕೆ, ಒಂದು ಎಣ್ಣೆಗೆ, ಒಂದು ಮ್ಯಾಂಟಲ್ಲಿಗೆ, ಸಣ್ಣದೊಂದು ಬಳ್ಳಾರಿಯ ಬಸ್ಸಿಗೆ. ನಮ್ಮನೆಯವರು ಸುಮ್ಮನೆ ಕೂತವರು ಮ್ಯಾಂಟಲ್ಲಿನ ಗುಂಪಿನಿಂದ ನಾಕು ಬೀಜ ಎತ್ತಿ ದೀಪದ ಗುಂಪಿಗೆ ಸರಿಸಿದರು. ಅತ್ತೆ ಅವರ ಕೈಮೇಲೆ ಮೆಲ್ಲಗೆ ಒಂದೇಟು ಹಾಕಿ, ಬೀಜಗಳನ್ನು ತಿರುಗಿ ತಂದಿಟ್ಟರು.

"ದೀಪ ತಂದು ಬತ್ತಿ ಇಲ್ಲ ಅಂದ್ರ ಏನ್ ಮಾಡ್ತಿ? ಪೂಜಿ ಮಾಡ್ತಿಯಾ?"

ನಾನು ರೊಟ್ಟಿ ಬಡಿಯುತ್ತಾ ನೋಡುತ್ತಿದ್ದೆ. ನಾಲ್ಕನೇ ಇಯತ್ತೆಯ ತನಕ ಓದಿದ್ದರಿಂದ ಮನಸ್ಸಿನಲ್ಲೇ ನಾನೂ ಕೂಡಿಸಿ ಕಳೆಯುತ್ತಿದ್ದೆ. ಎಲ್ಲಾ ಸರಿ ಇತ್ತು, ಒಂದು ಬಿಟ್ಟು. ಹೇಳಲೋ ಬೇಡವೋ ಅಂತ ರೊಟ್ಟಿ ಕಪ್ಪಾಗುವ ತನಕ ಯೋಚಿಸಿದೆ.

"ಅತ್ತಿ, ಗಾಜು?" ಅಂದೆ ಕಡೆಗೆ. "ಬಸ್ಸಿನ ಮ್ಯಾಲ ಹೇರ್ಕಂಡು ಬರ್ತೀವಿ. ಗಾಜು ಒಡದ್ರ?"

ಅತ್ತೆ ನನ್ನ ಮುಖವನ್ನೇ ನೋಡಿದರು. ಬೈಗುಳ ಬಂತು ಅಂತ ನಾನು ತಲೆ ತಗ್ಗಿಸಿದೆ. ಅವರು ದೀಪದ ಗುಂಪಿನಿಂದ ಬೀಜ ಎತ್ತಿ ಬೇರೆ ಒಂದು ಗುಂಪು ಮಾಡಿದರು. "ಇದು ಗಾಜಿಂದು," ಅಂದು, ಮಗನ ಕಡೆ ತಿರುಗಿ, "ಬಳ್ಳಾರಿಗಿ ಇಕಿನೂ ಬರ್ತಾಳ," ಅಂದರು.

ಸಾಮಾನು ಬಳ್ಳಾರಿಯಲ್ಲಿದೆ ಅನ್ನುವ ಸುದ್ದಿಯನ್ನು ತಂದಿದ್ದವನು ಬಸ್ಸಿನ ಕಂಡಕ್ಟರು. ಬಳ್ಳಾರಿಯ ಹೊರಗೆ ಯುದ್ಧಕಾಲದಲ್ಲಿ ಮಿಲಿಟರಿಯವರ ಬಿಡಾರ ಇತ್ತು. ಅದು ಖಾಲಿಯಾಗುತ್ತಾ ಬಂದ ಹಾಗೆ ಅಲ್ಲಿನ ಕಂಬಳಿ, ಬಕೆಟ್ಟು, ಮಂಚ, ದೀಪ ಎಲ್ಲ ಹರಾಜಿಗೆ ಬಂದಿತ್ತು. ದೀಪದ ಪೆಟ್ಟಿಗೆಗಳನ್ನು ಕೌಲ್ ಬಜಾರಿನ ಒಬ್ಬ ಸಾಬರು ಹಿಡಿದಿದ್ದಾರೆ, ಒಂದೊಂದಾಗಿ ಮಾರುವುದಿಲ್ಲವಂತೆ, ತೊಗೊಂಡರೆ ಎಲ್ಲಾ ತೊಗೋಬೇಕಂತೆ ಅಂತ ಅವನು ಹೇಳಿದ್ದ.

ಆಗಿನ ಬಸ್ಸು ಇದ್ದಲಿನದು. ಹಿಂದುಗಡೆ ಒಲೆಯಂಥದ್ದೊಂದು ಕಟ್ಟಿರುತ್ತಿದ್ದರು. ಏರು ಬಂದರೆ ಗಂಡಸರು ಇಳಿದು ನೂಕಬೇಕು. ನಮ್ಮನೆಯವರು ಪ್ರತಿ ಸಲ ಇಳಿದಾಗಲೂ ನೂಕುವುದನ್ನು ಬಿಟ್ಟು, ಆ ಒಲೆ ಹೇಗೆ ಉರಿಯುತ್ತದೆ ಅಂತ ಬಗ್ಗಿ ನೋಡುತ್ತಿದ್ದರು. ಅತ್ತೆ ಕಿಟಕಿಯಿಂದ, "ಲೇ, ನೂಕಲೇ!" ಅಂತ ಕೂಗಿದರೆ ಬಸ್ಸಿನವರೆಲ್ಲ ನಗುತ್ತಿದ್ದರು. ಬಳ್ಳಾರಿಯ ಕೋಟೆಗುಡ್ಡ ದೂರದಲ್ಲಿ ಕಂಡಾಗ ಮಧ್ಯಾಹ್ನ ಹತ್ತಿರವಾಗಿತ್ತು.

ಸಾಬರು ದಪ್ಪಗೆ, ಬಿಳಿಗಡ್ಡದವರು. ಮನೆಯ ಮುಂದಿನ ದೊಡ್ಡ ಅಂಗಳದಲ್ಲಿ ಪೆಟ್ಟಿಗೆಗಳನ್ನು ಪೇರಿಸಿದ್ದರು. ಒಂದು ಮೂಲೆಯಲ್ಲಿ ಎಂಥದೋ ಇಂಜಿನ್ನು, ಅದಕ್ಕೆ ಜೋಡಿಸಿದ, ಕರೆಂಟು ಹುಟ್ಟಿಸುವ ಡೈನಮೋ ಇತ್ತು. ನಮ್ಮನೆಯವರು ದೀಪ ಬಿಟ್ಟು ನೇರ ಅಲ್ಲಿಗೇ ಹೋದರು. ಅತ್ತೆ ಸೆರಗು ಬಿಗಿದು ಒಂದು ಪೆಟ್ಟಿಗೆಯ ಮೇಲೆ ಕೂತರು.

"ಸಾಬ್ರೇ, ತೆಗದು ತೋರಸ್ರಿ."

"ಅರೆ ಅಮ್ಮಾ, ಮಿಲಿಟರಿ ಮಾಲು. ಹೆಂಗ ಬಂದೈತೋ ಹಂಗ ಕೊಡಾದು. ನಾನೂ ನೋಡಿಲ್ಲ, ನೀವೂ ನೋಡಬ್ಯಾಡ್ರಿ. ನಸೀಬು ಇದ್ರ ಎಲ್ಲಾ ಉರೀತಾವು."

"ನಸೀಬಿನ ಮ್ಯಾಲ ಮದುವಿ ಮಾಡ್ಕಬಹುದು ಸಾಬ್ರೇ, ಎಲ್ಲಾರೂ ಅದನ್ನ ಮಾಡಾದು. ದೀಪ ತಗಳಾಕ ಆಗಲ್ಲ."

ಸಾಬರು ನಕ್ಕುಬಿಟ್ಟರು. ನಕ್ಕವರು ಅರ್ಧ ಸೋತ ಹಾಗೆ ಅನ್ನುವುದು ಅತ್ತೆಯ ನಂಬಿಕೆ. ಇಬ್ಬರೂ ಸ್ವಲ್ಪ ಹೊತ್ತು ಕನ್ನಡದಲ್ಲಿ, ಸ್ವಲ್ಪ ಹೊತ್ತು ತೆಲುಗಿನಲ್ಲಿ ಜಗ್ಗಾಡಿದರು. ಕಡೆಗೆ ಒಂದು ಮಾತಿಗೆ ಬಂದರು. ಎಲ್ಲ ಪೆಟ್ಟಿಗೆ ತೆಗೆಯುವುದು. ಸರಿ ಇದ್ದ ದೀಪಕ್ಕೆ ದೀಪದ ಬೆಲೆ, ಕೆಟ್ಟದ್ದಕ್ಕೆ ಹಿತ್ತಾಳೆ ತೂಕದ ಬೆಲೆ. ಆದರೆ ಒಂದನ್ನೂ ಬಿಟ್ಟು ಹೋಗುವ ಹಾಗಿಲ್ಲ.

"ಪ್ರತಿಯೊಂದೂ ಹಚ್ಚಿ ನೋಡ್ತೀರಾ?" ಅಂದರು ಸಾಬರು. "ಮ್ಯಾಂಟಲ್ಲು ನಂದಲ್ಲಪ್ಪಾ."

ಅಲ್ಲೇ ನಾವು ಸಿಕ್ಕಿಬಿದ್ದದ್ದು. ಒಂದೊಂದು ದೀಪ ಹಚ್ಚಿ ನೋಡಲು ಒಂದೊಂದು ಹೊಸ ಮ್ಯಾಂಟಲ್ ಸುಡಬೇಕು. ಸುಟ್ಟದ್ದು ಸಿರುಗುಪ್ಪದ ದಾರಿಯ ಕುಲುಕಾಟಕ್ಕೆ ಪುಡಿಯಾಗುತ್ತದೆ. ಹಾಗೆ ಮಾಡಿದರೆ ಮ್ಯಾಂಟಲ್ಲಿಗೆ ಇಟ್ಟ ದುಡ್ಡೆಲ್ಲ ಆ ಅಂಗಳದಲ್ಲೇ ಬೂದಿ. ಅತ್ತೆ ದುಡ್ಡಿನ ಗಂಟನ್ನು ಮುಟ್ಟಿ ನೋಡಿಕೊಂಡರು.

ಆಗ ಡೈನಮೋದ ಹತ್ತಿರದಿಂದ ನಮ್ಮನೆಯವರ ದನಿ ಕೇಳಿತು. "ಹಚ್ಚಾದು ಯಾಕ ಬೇಕು? ನೀರಾಗ ಮುಳುಗ್ಸಿದ್ರ ಸಾಕು."

ಎಲ್ಲರೂ ಅವರ ಕಡೆ ತಿರುಗಿದರು. ಅಷ್ಟು ಜನ ತಮ್ಮನ್ನು ನೋಡಿದ್ದಕ್ಕೆ ಪಾಪ ಅವರ ಕಿವಿ ಕೆಂಪಾದವು. ನಿಧಾನಕ್ಕೆ ಬಿಡಿಸಿ ಹೇಳಿದರು. ದೀಪದ ತಳದಲ್ಲಿ ಎಣ್ಣೆ ತುಂಬುವ ಟಾಕಿ ತೂತಾಗಿದ್ದರೆ ಅದು ಕೆಲಸಕ್ಕೆ ಬಾರದು. ಮಿಕ್ಕದ್ದೇನು ಕೆಟ್ಟಿದ್ದರೂ ತಾವು ಸರಿಮಾಡಬಲ್ಲರು. ಬರಿ ಗಾಳಿಯ ಪಂಪು ಹೊಡೆದು ಟಾಕಿಯನ್ನು ನೀರಲ್ಲಿ ಹಿಡಿದರೆ, ತೂತಿದ್ದಲ್ಲಿ ಗುಳ್ಳೆ ಏಳುತ್ತದೆ.

ಅಂಗಳದಲ್ಲಿ ದನಗಳಿಗೆ ನೀರು ಕುಡಿಸುವ ಕಲ್ಲಿನ ಬಾನಿ ಇತ್ತು. ಅದನ್ನು ತುಂಬಿಸಿದರು. ಪೆಟ್ಟಿಗೆಗಳ ಮೊಳೆ ಕಿತ್ತರು. ದೀಪಗಳಿಗೆ ಸುತ್ತಿದ್ದ ಕಾಗದದಲ್ಲಿ ಯಾವುದೋ ದೇಶದ, ನನಗೆ ಓದಲು ಬಾರದ ಅಕ್ಷರಗಳಿದ್ದವು. ನಮ್ಮನೆಯವರು ಪಂಪು ಹೊಡೆಯುವುದು, ಅತ್ತೆ ಮುಳುಗಿಸಿ ಹಿಡಿಯುವುದು, ನಾನು ಬಗ್ಗಿ ಗುಳ್ಳೆ ನೋಡುವುದು. ಓಣಿಯ ಜನ ಬಾಗಿಲಲ್ಲಿ ಬಂದು ನಿಂತರು.

"ಏನಮ್ಮಾ, ನಿಮ್ಮೂರಾಗ ದೀಪಕ್ಕ ದಿನಾ ಸ್ನಾನ ಮಾಡಿಸ್ತೀರೇನು?" ಅಂದರು ಸಾಬರು.

"ಹೂನ್ರಿ, ಸೊಸಿ ಆಗಿ ಮನಿಗಿ ಬರಾವು ಇವು. ಮೈ ನೋಡಿ ತರಬೇಕು."

ಹಾಗೆ ಅಂದು ನನ್ನ ಕಡೆ ಓರೆಗಣ್ಣಲ್ಲಿ ನೋಡಿ ನಕ್ಕರು. ಮದುವೆಯಾದಾಗಿನಿಂದ ಅವರು ನನ್ನ ಜೊತೆ ಚೇಷ್ಟೆ ಮಾಡಿದ್ದು ಅದೇ ಮೊದಲು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಮುಖಕ್ಕೆ ಬಾನಿಯ ನೀರು ಸಿಡಿದಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ನಡುವೆ ನಾನು ಕಾಲು ತೊಳೆಯಲು ಒಳಗೆ ಹೆಣ್ಣುಮಕ್ಕಳ ಕಡೆ ಹೋಗಬೇಕಾಯಿತು. ಸಾಬರ ಹೆಂಡತಿ ಬಲು ಮರ್ಯಾದೆಯ ಹೆಂಗಸು. ನಾವು ಅವರ ಮನೆಯಲ್ಲಿ ಉಣ್ಣುವವರಲ್ಲ ಅಂತ ತಾವೇ ಅರಿತು, ಸಿಪ್ಪೆ ಬಿಡಿಸದ ಬಾಳೆಹಣ್ಣು ಕೊಟ್ಟು ಚಾಪೆ ಹಾಸಿದರು. ಒಳಗೆ ನನ್ನ ವಯಸ್ಸಿನ ಹುಡುಗಿಯೊಬ್ಬಳು ಹೊಸ ಸೀರೆಗೆ ಜರಿ ಹೊಲಿಯುತ್ತಿದ್ದಳು. ಮುಂದಿನ ತಿಂಗಳು ಅವಳ ಮದುವೆಯಂತೆ. "ಅಬ್ಬಾಜಾನ್ ರೊಕ್ಕ ಎಲ್ಲಾ ಈ ಪೆಟ್ಟಿಗಿಗಳ ಮ್ಯಾಲ ಹಾಕಿಬಿಟ್ಯಾರ," ಅಂತ ಅವಳು ಪಿಸುಗುಟ್ಟಿದಳು. "ಇವು ಮಾರಿ ಹೋಗ್ಲಿ ಅಂತ ಅಮ್ಮಿ ದಿನಾ ದುವಾ ಮಾಡಾಕತ್ಯಾಳ."

ನಾನು ಹೊರಗೆ ಬಂದವಳು ಅದನ್ನು ಅತ್ತೆಯ ಕಿವಿಯಲ್ಲಿ ಹೇಳಿದೆ. ನಮಗೆ ಅನುಕೂಲದ ಸುದ್ದಿ ಅಂತಲೇ ಹೇಳಿದ್ದು. ಇನ್ನೂ ಬೆಲೆಯ ಕೊನೆಯ ಮಾತು ಆಗಿರಲಿಲ್ಲ.

ಅತ್ತೆ ದೀಪವನ್ನು ನೀರಿನಿಂದ ಎತ್ತಿ ಸೆರಗಿನಿಂದ ಒರೆಸಿದರು. "ಮೊದ್ಲ ಯಾಕ ಹೇಳಲಿಲ್ಲ?" ಅಂದರು ಮೆಲ್ಲಗೆ. "ಬಂದಾಗ್ಲೇ ಗೊತ್ತಿದ್ರ ಅಷ್ಟು ಜಗ್ಗತಿದ್ದಿಲ್ಲ. ಹೆಣ್ಣಿನ ಮದುವಿ ಇಟ್ಗಂಡೋರ್ನ ಹಿಂಡಬಾರದು."

ನಾನು ತಿರುಗಿ ಬಾನಿಯ ಮೇಲೆ ಬಗ್ಗಿದೆ. ಕೊನೆಗೆ ತೂತಿನ ದೀಪಗಳನ್ನು ಬೇರೆ ಮಾಡಿದಾಗ ಅವು ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಇದ್ದವು. ಮೊದಲು ಆಡಿದ್ದ ಬೆಲೆಗೆ ಅತ್ತೆ ಇನ್ನೊಂದು ಮಾತು ಸೇರಿಸದೆ ಗಂಟು ಬಿಚ್ಚಿದರು. ಸಾಬರಿಗೇ ಅನುಮಾನ ಬಂದು, "ಅಷ್ಟೇ ಏನಮ್ಮಾ? ಇನ್ನಾ ಕೇಳ್ತೀರಿ ಅಂತ ನಾನು ತಯಾರಾಗಿದ್ದೆ," ಅಂದರು. ಗಾಜುಗಳನ್ನು ಹುಲ್ಲಿನಲ್ಲಿ ಕಟ್ಟಿಸಿಕೊಂಡು, ಬಸ್ಸಿನ ಮೇಲೆ ಹೇರಿಕೊಂಡು ಮರುದಿನ ಊರು ಸೇರಿದೆವು. ಒಡೆದದ್ದು ಎರಡೇ ಗಾಜು. ಅತ್ತೆ ಅದನ್ನು ಅಕ್ಕಪಕ್ಕದವರಿಗೆಲ್ಲ, "ನಮ್ಮ ಸೊಸಿ ಮೊದ್ಲೇ ಎಚ್ಚರ ಕೊಟ್ಟಿದ್ಲು," ಅಂತ ಹೇಳಿಕೊಂಡು ಬಂದರು.

ಮಂಡಿಯ ಬಯಲಿನಲ್ಲಿ ಆ ದೀಪಗಳು ಮೊದಲ ಸಂಜೆ ಉರಿದಾಗ ರೈತರು ಬಂಡಿ ನಿಲ್ಲಿಸಿ ನೋಡಿದರು. ಭತ್ತದ ರಾಶಿಗಳ ಮೇಲೆ ಬೆಳಕು ಬಿದ್ದು ಬಯಲೆಲ್ಲ ಹಳದಿಯಾಗಿತ್ತು. ಒಬ್ಬ ಮುದುಕ ತಕ್ಕಡಿಯ ಮುಳ್ಳನ್ನು ಹತ್ತಿರದಿಂದ ನೋಡಿ, "ಇವತ್ತು ಕಾಣ್ತೈತಿ ನೋಡಪ್ಪಾ," ಅಂದದ್ದಕ್ಕೆ ಎಲ್ಲರೂ ನಕ್ಕರು, ತೂಗುವವನೊಬ್ಬ ಬಿಟ್ಟು.

ಕೆಲವು ವಾರಗಳಾದ ಮೇಲೆ ಬಳ್ಳಾರಿಯ ಸಾಬರು ನಮ್ಮ ಅಂಗಡಿಗೇ ಬಂದು ನಿಂತರು. ಬಿಸಿಲಲ್ಲಿ ಬಂದು ಮುಖ ಕೆಂಪಾಗಿತ್ತು. ನಾನು ನೀರು ಕೊಟ್ಟೆ. ಅವರು ಸ್ವಲ್ಪ ಹೊತ್ತು ಊರಿನ ಸುದ್ದಿ ಆಡಿ, ಆಮೇಲೆ ಗಡ್ಡ ನೀವಿಕೊಂಡರು.

"ಅಮ್ಮಾ, ಮಗಳ ಶಾದಿಗಿ ದೀಪ ಬೇಕಾಗ್ಯಾವ."

ಅತ್ತೆಗೆ ನಗು ತಡೆಯಲಾಗಲಿಲ್ಲ. "ನೀವ ಮಾರಿದ ದೀಪ ನಿಮಗ ಬಾಡಿಗಿಗಿ ಬೇಕಾ?"

"ಏನ್ ಮಾಡ್ಲಿ? ಒಂದು ಇಟ್ಗಳಾಕ ಬಿಟ್ರೇನು ನೀವು? ಕೆಟ್ಟಾವು ಸೈತ ಹೊತ್ಗಂಡು ಬಂದ್ರಿ." ಅವರೂ ನಕ್ಕರು. ಆಮೇಲೆ ದನಿ ತಗ್ಗಿಸಿದರು. "ಬಳ್ಳಾರ್ಯಾಗ ಬ್ಯಾರೆ ಕಡಿ ಸಿಗ್ತಾವ. ಆದ್ರ ದೀಪ ಹಚ್ಚಾರು ಎಲ್ಲಾ ಗಂಡಸ್ರು. ನಮ್ಮ ಹೆಣ್ಮಕ್ಳ ಕಡಿ ಅವ್ರು ಹೋಗಂಗಿಲ್ಲ. ಎಲ್ಲಾರ ಮನ್ಯಾಗೂ ಹೊರಗ ಝಗಝಗ ಇರ್ತೈತಿ, ಒಳಗ ಮದಲಗಿತ್ತಿ ಚಿಮಣಿ ಬುಡ್ಡಿ ಮುಂದ ಕುಂತಿರ್ತಾಳ. ನನ್ನ ಮಗಳು ಹಂಗ ಕೂರಬಾರದು ಅಂತ ನನಗಾಸಿ. ನೀವು ಅತ್ತಿ ಸೊಸಿ ಬಂದ್ರ ಆಕೈತಿ."

ಅತ್ತೆ ಬಾಡಿಗೆ ಹೇಳಿದರು. ಒಂದು ಪೈಸೆಯನ್ನೂ ಬಿಡಲಿಲ್ಲ. ಸಾಬರೂ ಕೇಳಲಿಲ್ಲ.

ಮದುವೆಯ ದಿನ ನಾವು ಮಧ್ಯಾಹ್ನವೇ ಬಳ್ಳಾರಿ ಸೇರಿದೆವು. ಹೊರಗಿನ ಚಪ್ಪರದ ದೀಪಗಳು ನಮ್ಮನೆಯವರ ಪಾಲು. ಒಳಗಿನದಕ್ಕೆ ಅತ್ತೆಯೇ ಬರುತ್ತಾರೆ ಅಂದುಕೊಂಡಿದ್ದೆ. ಅವರು ದೀಪ, ಸ್ಪಿರಿಟ್ಟಿನ ಸೀಸೆ, ಕಡ್ಡಿಪೆಟ್ಟಿಗೆ ನನ್ನ ಕೈಗೆ ಕೊಟ್ಟು, ಬಾಗಿಲಿನ ಪರದೆ ಎತ್ತಿ ಹಿಡಿದರು.

"ನಾನ?" ಅಂದೆ. "ನನಗ ಬರಲ್ಲ ಅತ್ತಿ."

"ದಿನಾ ನೋಡ್ತಿ. ಕಣ್ಣಿಗಿ ಬಂದದ್ದು ಕೈಗೂ ಬರ್ತೈತಿ. ಹೋಗು."

ಒಳಗೆ ಹೆಂಗಸರು ಒತ್ತೊತ್ತಾಗಿ ಕೂತಿದ್ದರು. ಹೊತ್ತು ಮುಳುಗುತ್ತಿತ್ತು. ದೀಪ ಕಾಯಿಸಲು ಅದರ ಬಟ್ಟಲಿಗೆ ಸ್ಪಿರಿಟ್ ಹಾಕಿ ಕಡ್ಡಿ ಗೀರಿದೆ. ನೀಲಿ ಉರಿ ಎದ್ದಾಗ ಮಕ್ಕಳು ಹಿಂದೆ ಸರಿದರು. ನನ್ನ ಕೈ ನಡುಗುವುದನ್ನು ಕಂಡು ಮದುಮಗಳು ತಲೆಯ ಮುಸುಕಿನೊಳಗಿಂದಲೇ, "ನನ್ನ ಕೈನೂ ಹಂಗ ನಡುಗಾಕತ್ಯಾವ, ನೋಡು," ಅಂತ ಗೋರಂಟಿ ಹಚ್ಚಿದ ಕೈ ತೋರಿಸಿದಳು. ಪಂಪು ಹೊಡೆದೆ. ಮ್ಯಾಂಟಲ್ ಮೊದಲು ಹೊಗೆಯಾಡಿತು, ಸುಕ್ಕಾಯಿತು, ಕೆಟ್ಟಿತು ಅಂತಲೇ ಅಂದುಕೊಂಡೆ. ಇನ್ನೆರಡು ಸಲ ಹೊಡೆದಾಗ ಬುಸ್ ಅಂತ ಊದಿಕೊಂಡು ಬೆಳ್ಳಗಾಯಿತು. ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ "ಹಾ" ಅಂದರು. ಜರಿ, ಬಳೆ, ಮೂಗುತಿ, ಎಲ್ಲ ಒಮ್ಮೆಗೇ ಮಿಂಚಿದವು. ಮದುಮಗಳ ತಾಯಿ ಮಗಳ ಮುಸುಕು ಸರಿಸಿ, ಆ ಮುಖವನ್ನು ಬೆಳಕಿನಲ್ಲಿ ಹಿಡಿದು ನೋಡುತ್ತಾ ಎಷ್ಟೋ ಹೊತ್ತು ನಿಂತರು.

ನಾನು ಹೊರಗೆ ಬಂದು, "ಹತ್ತಿತು," ಅಂದೆ. ಅತ್ತೆ ಪರದೆಯ ಪಕ್ಕದಲ್ಲೇ ನಿಂತಿದ್ದರು. "ಸಪ್ಳ ಕೇಳಿತು," ಅಂದರು.

ಮರುದಿನ ಸಾಬರು ಬಾಡಿಗೆಯ ದುಡ್ಡು ತಂದು ಎಣಿಸಿದರು. ಅತ್ತೆ ತೊಗೊಂಡು ಕಟ್ಟಿಕೊಂಡರು. ನಮ್ಮನೆಯವರು ಒಳಗಿನ ದೀಪ ಎಲ್ಲಿ ಅಂತ ಹುಡುಕುತ್ತಿದ್ದರು.

"ಅದು ಇಲ್ಲೇ ಇರ್ಲಿ," ಅಂದರು ಅತ್ತೆ. "ಮದುವಿಗಿ ಬಂದು ಮುಯ್ಯಿ ಮಾಡ್ಲಾರ್ದ ಹೋಗಾಕ ಆಗ್ತೈತೇನು?"

ಸಾಬರು ಕೈಮುಗಿದರು. ದಾರಿಯಲ್ಲಿ ನಮ್ಮನೆಯವರು, "ಅವ್ವಾ, ಬಾಡಿಗ್ಯಾಗ ಬಿಟ್ಟಿದ್ರ ಆಗ್ತಿತ್ತಲ್ಲ," ಅಂದದ್ದಕ್ಕೆ ಅತ್ತೆ ಹೇಳಿದ್ದು ಇಷ್ಟೇ: "ಬಾಡಿಗಿ ಅಂಗಡಿದು. ಮುಯ್ಯಿ ನಂದು."

ಆಮೇಲಿನ ವರ್ಷಗಳಲ್ಲಿ ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಎಷ್ಟೋ ಸಾಬರ ಮನೆಗಳ ಒಳಕೋಣೆಗೆ, ಎಷ್ಟೋ ರೆಡ್ಡಿಗಳ ಮನೆಯ ಹೆಣ್ಣುಮಕ್ಕಳ ಶಾಸ್ತ್ರಗಳಿಗೆ ನಾನೇ ಹೋಗಿ ದೀಪ ಹಚ್ಚಿದೆ. ಒಮ್ಮೆ ಕುರುಗೋಡಿನಲ್ಲಿ ನನ್ನ ತಂಗಿಯ ಮದುವೆಗೂ ನಮ್ಮದೇ ದೀಪ. ಅಳಿಯನ ಮನೆಯ ಸಾಮಾನು ಅಂತ ಬಾಡಿಗೆ ಕೊಡಲು ನಮ್ಮಪ್ಪ ಹಿಂದೆಮುಂದೆ ನೋಡುತ್ತಿದ್ದಾಗ, ಅತ್ತೆ ಕೇಳಿ ಇಸಕೊಂಡರು. ನಮ್ಮವ್ವ ಆಮೇಲೆ ಅದನ್ನು ಹೇಳಿ ಹೇಳಿ ನಗುತ್ತಿದ್ದಳು.

ಐವತ್ತನೇ ಇಸವಿಯ ಆಚೆಗೆ ಜನ ಬಣ್ಣದ ಬಲ್ಬಿನ ಸರ ಕೇಳಲು ಶುರುಮಾಡಿದರು. ನಮ್ಮನೆಯವರು ವರ್ಷಗಟ್ಟಲೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಡೈನಮೋದ ಆಸೆಯನ್ನು ಬಾಯಿಬಿಟ್ಟು ಹೇಳಿದರು. ಅತ್ತೆಗೆ ಆಗ ಮೊಣಕಾಲು ನೋವು, ಕಣ್ಣೂ ಮಂಜು. ಆದರೂ ಬೇಡ ಅನ್ನಲಿಲ್ಲ. ಅರ್ಧದಷ್ಟು ಗ್ಯಾಸ್‌ಲೈಟು ಮಾರಿ, ಬಂದದ್ದರಲ್ಲಿ ಹಳೆಯದೊಂದು ಡೈನಮೋ ಕೊಂಡು, ಬಲ್ಬು, ಹೋಲ್ಡರು, ವೈರು ಸಗಟು ತರಲು ಮೂವರೂ ಬಳ್ಳಾರಿಗೆ ಹೋದೆವು. ಈ ಸಲ ಲೆಕ್ಕ ನಾನು ಮಾಡಿದ್ದೆ. ಬಣ್ಣದವು ಎಷ್ಟು, ಬಿಳಿಯವು ಎಷ್ಟು, ಸುಟ್ಟುಹೋಗುವುದಕ್ಕೆ ಬೇರೆ ಎಷ್ಟು ಅನ್ನುವುದನ್ನು ಅತ್ತೆ ಒಂದು ಮಾತೂ ಕೇಳಿರಲಿಲ್ಲ.

ದೊಡ್ಡ ಬೀದಿಯ ಆ ಅಂಗಡಿಯ ಸೇಠು ಅತ್ತೆಯ ವಯಸ್ಸು ನೋಡಿ ಅವರಿಗೇ ಮಣೆ ಹಾಕಿ, ಅವರ ಮುಂದೆಯೇ ಬಲ್ಬುಗಳನ್ನು ಹರಡಿ, "ಎಷ್ಟು ಡಜನ್ ಬೇಕು ಅಮ್ಮಾ? ಯಾವ ಬಣ್ಣ?" ಅಂತ ಕೇಳಿದರು.

ಅತ್ತೆ ಒಂದು ಕೆಂಪು ಬಲ್ಬು ಎತ್ತಿ, ಕಣ್ಣಿನ ಹತ್ತಿರ ಹಿಡಿದು, ಮಗುವಿನ ಹಾಗೆ ಅದರೊಳಗಿಂದ ಬೀದಿಯನ್ನು ನೋಡಿದರು.

"ನನ್ನ ಯಾಕ ಕೇಳ್ತೀರಿ?" ಅಂದರು, ಬಲ್ಬು ಇಳಿಸದೆಯೇ. "ಅಂಗಡಿ ಆಕಿದು. ಆಕಿನ್ನ ಕೇಳ್ರಿ."

ಸೇಠು ನನ್ನ ಕಡೆ ತಿರುಗಿದರು. ನಾನು ಸೆರಗು ಸರಿಮಾಡಿಕೊಂಡು ಮುಂದೆ ಬಂದು ಕೂತೆ.